ಮನೆಯ ಸೋಪಿಗೆ, ಎಣ್ಣೆಗೆ, ಬಾಮಿಗೆ ಯಾವ ಪರಿಮಳ: ಕೊಡಗಿನಲ್ಲಿ ತಯಾರಿಸುವವರಿಗೆ ಒಂದು ಹೋಲಿಕೆ

ಮನೆಯಲ್ಲಿ ಸೋಪು ಮಾಡುವವರು ಕಾಸ್ಟಿಕ್ ಸೋಡಾವನ್ನು ಗ್ರಾಮಿನ ಲೆಕ್ಕದಲ್ಲಿ ತೂಗುತ್ತಾರೆ, ಕೈಗವಸು ಹಾಕಿಕೊಳ್ಳುತ್ತಾರೆ, ಮಕ್ಕಳನ್ನು ಅಡುಗೆಮನೆಯಿಂದ ಹೊರಗೆ ಕಳುಹಿಸುತ್ತಾರೆ. ಆದರೆ ಪರಿಮಳದ ಸೀಸೆ ಕೈಗೆ ಬಂದ ಕೂಡಲೇ ಅದೇ ಜನ ಮೂಗನ್ನೇ ತಕ್ಕಡಿಯಾಗಿಸಿಕೊಂಡು, ವಾಸನೆ ಸಾಕೆನಿಸುವವರೆಗೂ ಸುರಿಯುತ್ತಾರೆ. ಅಳತೆ ಸರಿಯಿದ್ದರೆ ಕಾಸ್ಟಿಕ್ ಸೋಡಾ ಎಣ್ಣೆಯೊಂದಿಗೆ ಸೇರಿ ಸೋಪಾಗಿ ಮಾರ್ಪಟ್ಟು ತನ್ನ ಉರಿಯನ್ನು ಕಳೆದುಕೊಳ್ಳುತ್ತದೆ. ಪರಿಮಳದ ವಸ್ತು ಹಾಗೆ ಕರಗಿ ಹೋಗುವುದಿಲ್ಲ. ಅದು ಕೊನೆಯವರೆಗೂ ಉತ್ಪನ್ನದಲ್ಲೇ ಉಳಿದು ದಿನವೂ ಚರ್ಮವನ್ನು ಮುಟ್ಟುತ್ತದೆ, ಮತ್ತು ತಿಂಗಳುಗಟ್ಟಲೆ ಯಾವ ತೊಂದರೆಯನ್ನೂ ಕೊಡದಿದ್ದ ಪರಿಮಳವನ್ನು ಚರ್ಮ ಒಂದು ದಿನ ಇದ್ದಕ್ಕಿದ್ದಂತೆ ಒಲ್ಲೆನ್ನಬಹುದು. ಹೀಗೆ ಒಮ್ಮೆ ಹುಟ್ಟಿಕೊಂಡ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ.

ಆದ್ದರಿಂದ ಯಾವ ಪರಿಮಳವನ್ನು ಆರಿಸಬೇಕು ಎಂಬ ಪ್ರಶ್ನೆ ಬಂದಾಗ "ನೈಸರ್ಗಿಕವೋ ಕೃತಕವೋ" ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಈ ವಸ್ತು ಚರ್ಮದ ಮೇಲೆ ಎಷ್ಟು ಹೊತ್ತು ಇರುತ್ತದೆ, ಮತ್ತು ಈ ಸೀಸೆಯೊಳಗೆ ಏನಿದೆ ಎಂಬುದಕ್ಕೆ ಮಾರುವವರ ಬಳಿ ಯಾವ ಕಾಗದವಿದೆ ಎಂಬ ಎರಡು ಪ್ರಶ್ನೆಗಳೇ ನನ್ನ ದೃಷ್ಟಿಯಲ್ಲಿ ಮುಖ್ಯವಾದವು. ಕೊಡಗಿನವರಿಗೆ ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ತೋಟದಲ್ಲೇ ಬೆಳೆಯುವ, ಅಡುಗೆಗೆ ದಿನವೂ ಬಳಸುವ ಲವಂಗ, ದಾಲ್ಚಿನ್ನಿ, ಮಜ್ಜಿಗೆಹುಲ್ಲುಗಳೇ ತೈಲದ ರೂಪಕ್ಕೆ ಬಂದಾಗ ಅತಿ ಹೆಚ್ಚು ಎಚ್ಚರಿಕೆ ಬೇಡುವ ಗುಂಪಿಗೆ ಸೇರುತ್ತವೆ.

ಮೊದಲು ಉತ್ಪನ್ನವನ್ನು ಗೊತ್ತುಮಾಡಿಕೊಳ್ಳಿ

ಸ್ನಾನದ ಸೋಪು ಚರ್ಮದ ಮೇಲೆ ಒಂದೆರಡು ನಿಮಿಷ ಇದ್ದು ನೀರಿನೊಂದಿಗೆ ಹೋಗುತ್ತದೆ. ಮೈಗೆ ಹಚ್ಚುವ ಎಣ್ಣೆಯೋ ಲೋಷನ್ನೋ ಇಡೀ ದಿನ ಉಳಿಯುತ್ತದೆ. ತುಟಿಯ ಬಾಮು ಸ್ವಲ್ಪಸ್ವಲ್ಪವಾಗಿ ಹೊಟ್ಟೆಗೂ ಸೇರುತ್ತದೆ. ಕಂಕುಳಿಗೆ ಹಚ್ಚುವುದು ಬೆವರಿನ, ಮುಚ್ಚಿದ, ಕೂದಲು ತೆಗೆದ ಚರ್ಮಕ್ಕೆ ತಾಗುತ್ತದೆ. 1973ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸುಗಂಧ ಸಂಘವು, ಅಂದರೆ ಈ ವ್ಯಾಪಾರದಲ್ಲಿರುವವರು ಇಫ್ರಾ ಎಂದು ಕರೆಯುವ ಸಂಸ್ಥೆಯು, ಇದೇ ಕಾರಣಕ್ಕೆ ಉತ್ಪನ್ನಗಳನ್ನು ಹನ್ನೆರಡು ವರ್ಗಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಬೇರೆ ಬೇರೆ ಮಿತಿಯನ್ನು ಹಾಕಿದೆ. ತುಟಿಯ ಉತ್ಪನ್ನ 1ನೆಯ ವರ್ಗ, ಕಂಕುಳಿನದು 2, ಮೈ, ಮುಖ, ಕೈಗಳ ಕ್ರೀಮು ಮತ್ತು ಎಣ್ಣೆಗಳು 5, ತೊಳೆದುಹೋಗುವ ಸೋಪು 9, ಚರ್ಮಕ್ಕೆ ತಾಗದ ಮೇಣದಬತ್ತಿಯಂಥವು 12. ಒಂದೇ ಸುಗಂಧಕ್ಕೆ ಸೋಪಿನಲ್ಲಿ ದೊರೆಯುವ ಅನುಮತಿಗೂ ತುಟಿಯ ಬಾಮಿನಲ್ಲಿ ದೊರೆಯುವ ಅನುಮತಿಗೂ ಹಲವು ಪಟ್ಟು ವ್ಯತ್ಯಾಸವಿರುವುದು ಸಾಮಾನ್ಯ.

ಆದಕಾರಣ "ಈ ಎಣ್ಣೆ ಸುರಕ್ಷಿತವೇ" ಎಂದು ಅಂಗಡಿಯಲ್ಲಿ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. "ಮೈಗೆ ಹಚ್ಚಿ ಬಿಡುವ ಎಣ್ಣೆಯಲ್ಲಿ ಇದನ್ನು ಶೇಕಡಾ ಎಷ್ಟು ಹಾಕಬಹುದು" ಎಂದು ಕೇಳಿದರೆ, ಮಾರುವವರಿಗೆ ತಮ್ಮ ಸರಕಿನ ಪರಿಚಯವಿದೆಯೋ ಇಲ್ಲವೋ ಎಂಬುದಾದರೂ ತಿಳಿಯುತ್ತದೆ.

ಸಾರಭೂತ ತೈಲಗಳು

ಗಿಡದ ಎಲೆ, ತೊಗಟೆ, ಮೊಗ್ಗು, ಸಿಪ್ಪೆಗಳಿಂದ ಆವಿಯ ಮೂಲಕವೋ ಹಿಂಡಿಯೋ ತೆಗೆದ ಈ ತೈಲಗಳನ್ನು ಎಸೆನ್ಷಿಯಲ್ ಆಯಿಲ್ ಎಂಬ ಹೆಸರಿನಲ್ಲಿ ಎಲ್ಲರೂ ಬಲ್ಲರು. ಇವುಗಳ ವಿಷಯದಲ್ಲಿ ಮೊದಲು ಮನಸ್ಸಿಗೆ ಬರಬೇಕಾದ ಸಂಗತಿ ಸಾಂದ್ರತೆ. ಸಾರಿನಲ್ಲಿ ಎರಡು ಲವಂಗ ಹಾಕುವುದಕ್ಕೂ, ಲವಂಗದ ತೈಲವನ್ನು ಬಾಮಿಗೆ ಹಾಕುವುದಕ್ಕೂ ಹೋಲಿಕೆಯೇ ಇಲ್ಲ, ಏಕೆಂದರೆ ಲವಂಗ ಮೊಗ್ಗಿನ ತೈಲದ ಬಹುಪಾಲು ಯುಜಿನಾಲ್ ಎಂಬ ಒಂದೇ ರಾಸಾಯನಿಕ. ಹಚ್ಚಿ ಬಿಡುವ ಉತ್ಪನ್ನಗಳಲ್ಲಿ ಲವಂಗ ಮೊಗ್ಗಿನ ತೈಲಕ್ಕೆ ಸುರಕ್ಷತಾ ಕೈಪಿಡಿಗಳು ಕೊಡುವ ಗರಿಷ್ಠ ಮಿತಿ ಶೇ. 0.5. ಮಜ್ಜಿಗೆಹುಲ್ಲಿನ ತೈಲದಲ್ಲಿ ಸುಮಾರು ಮುಕ್ಕಾಲು ಪಾಲು ಸಿಟ್ರಾಲ್ ಇರುವುದರಿಂದ ಅದರ ಮಿತಿ ಶೇ. 0.7. ದಾಲ್ಚಿನ್ನಿ ತೊಗಟೆಯ ತೈಲದಲ್ಲಿ ಸಿನ್ನಮಾಲ್ಡಿಹೈಡ್ ಪ್ರಧಾನವಾಗಿದ್ದು ಅದರ ಮಿತಿ ಶೇ. 0.07ರಷ್ಟು ಮಾತ್ರ, ಅಂದರೆ 100 ಗ್ರಾಂ ಬಾಮಿಗೆ ಒಂದೆರಡು ಹನಿ. ಇಷ್ಟು ಕಡಿಮೆ ಹಾಕಬೇಕಾದ ತೈಲವನ್ನು ಮನೆಯ ತಯಾರಿಕೆಗೆ ಕೊಳ್ಳುವುದೇ ಬೇಡವೆಂಬುದು ನನ್ನ ಅಭಿಪ್ರಾಯ. ಅದೇ ಮರದ ಎಲೆಯಿಂದ ತೆಗೆದ ತೈಲ ಬೇರೆಯೇ ವಸ್ತು. ಅದರಲ್ಲಿ ಯುಜಿನಾಲ್ ಪ್ರಧಾನವಾಗಿದ್ದು ಮಿತಿ ಶೇ. 0.6. ಕೊಳ್ಳುವಾಗ ಸೀಸೆಯ ಮೇಲೆ ತೊಗಟೆಯೋ ಎಲೆಯೋ ಎಂದು ಬರೆದಿರಲೇಬೇಕು. ಬರಿದೇ "ದಾಲ್ಚಿನ್ನಿ ಎಣ್ಣೆ" ಎಂದಿದ್ದರೆ ಅದನ್ನು ಅಲ್ಲೇ ಬಿಟ್ಟುಬರುವುದು ಲೇಸು.

ಇಲ್ಲಿ ಇನ್ನೊಂದು ಲೆಕ್ಕ ತಪ್ಪುವುದುಂಟು. ಲವಂಗ, ದಾಲ್ಚಿನ್ನಿ ಎಲೆ, ಸರ್ವಸಾಂಬಾರು, ತುಳಸಿ ಈ ನಾಲ್ಕೂ ಒಂದೇ ತೋಟದ ಅಂಚಿನಲ್ಲಿ ಸಿಗಬಹುದಾದ ಗಿಡಮರಗಳು, ಮತ್ತು ಈ ನಾಲ್ಕರ ತೈಲದಲ್ಲೂ ಯುಜಿನಾಲ್ ಇದೆ. "ಮಸಾಲೆ ಪರಿಮಳ" ಎಂದು ನಾಲ್ಕನ್ನೂ ಒಂದೊಂದರ ಮಿತಿಯಷ್ಟು ಬೆರೆಸಿದರೆ ಪ್ರತಿಯೊಂದೂ ನಿಯಮದೊಳಗಿದ್ದಂತೆ ಕಂಡರೂ ಒಟ್ಟು ಯುಜಿನಾಲ್ ಮಿತಿಯನ್ನು ಎಷ್ಟೋ ಮೀರಿರುತ್ತದೆ. ಮಿತಿಯನ್ನು ರಾಸಾಯನಿಕಕ್ಕೆ ಲೆಕ್ಕಹಾಕಬೇಕೇ ಹೊರತು ಸೀಸೆಗಲ್ಲ. ಏಲಕ್ಕಿ ಮತ್ತು ಕರಿಮೆಣಸಿನ ತೈಲಗಳು ಇವುಗಳಿಗೆ ಹೋಲಿಸಿದರೆ ಸೌಮ್ಯವಾದವು. ಕೊಡಗಿನ ಗುರುತಿರುವ ಸೋಪು ಬೇಕೆನ್ನುವವರಿಗೆ ನಾನು ಮೊದಲು ಸೂಚಿಸುವುದು ಏಲಕ್ಕಿಯನ್ನೇ, ಬೆಲೆ ಸ್ವಲ್ಪ ಹೆಚ್ಚೆನಿಸಿದರೂ.

ಕಿತ್ತಳೆಯ ಮಾತು ಬೇರೆ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಕೊಡಗಿನ ಕಿತ್ತಳೆ ಮ್ಯಾಂಡರಿನ್ ಜಾತಿಗೆ ಸೇರಿದ್ದು, ಮ್ಯಾಂಡರಿನ್ ಮತ್ತು ಸಿಹಿ ಕಿತ್ತಳೆಯ ಸಿಪ್ಪೆಯ ತೈಲಗಳು ಬಿಸಿಲಿನಲ್ಲಿ ಚರ್ಮವನ್ನು ಸುಡುವಂಥವಲ್ಲ. ಅದೇ ಕುಲದ ನಿಂಬೆಗೆ ಆ ಗುಣವಿದೆ. ಸಿಪ್ಪೆಯನ್ನು ಹಿಂಡಿ ತೆಗೆದ ನಿಂಬೆ ತೈಲಗಳಲ್ಲಿರುವ ಕೆಲವು ವಸ್ತುಗಳು ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ ಬೊಬ್ಬೆಯೆದ್ದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಹಚ್ಚಿ ಬಿಡುವ ಉತ್ಪನ್ನದಲ್ಲಿ ಹಿಂಡಿದ ಹಸಿರು ನಿಂಬೆಯ, ಅಂದರೆ ಲೈಮ್ ಜಾತಿಯ ತೈಲಕ್ಕೆ ಶೇ. 0.7, ದೊಡ್ಡ ಹಳದಿ ಲೆಮನ್ ತೈಲಕ್ಕೆ ಶೇ. 2, ಬರ್ಗಮಾಟ್ ಎಂಬ ಇದೇ ಕುಲದ ಹಣ್ಣಿನ ತೈಲಕ್ಕೆ ಶೇ. 0.4 ಮಿತಿ, ಅದನ್ನು ಮೀರಿದ್ದರೆ ಹನ್ನೆರಡು ಗಂಟೆ ಬಿಸಿಲಿಗೆ ಮೈಯೊಡ್ಡಬಾರದು. ಬೆಳಗ್ಗೆ ಹಚ್ಚಿಕೊಂಡು ಕಾಫಿ ಕೊಯ್ಲಿಗೋ ಗದ್ದೆಗೋ ಹೋಗುವವರಿಗೆ ಇದು ಪುಸ್ತಕದ ಮಾತಲ್ಲ. ಆವಿಯಿಂದ ಬಟ್ಟಿ ಇಳಿಸಿದ ನಿಂಬೆ ತೈಲಕ್ಕೆ ಈ ದೋಷವಿಲ್ಲವಾದ್ದರಿಂದ ಎರಡರಲ್ಲಿ ಒಂದನ್ನು ಆರಿಸುವುದಾದರೆ ಬಟ್ಟಿ ಇಳಿಸಿದ್ದನ್ನೇ ಆರಿಸಬೇಕು.

ಕಿತ್ತಳೆ ತೈಲದ ದೋಷ ಇರುವುದು ಅದರ ವಯಸ್ಸಿನಲ್ಲಿ. ಅದರಲ್ಲಿ ಶೇ. 90ಕ್ಕೂ ಹೆಚ್ಚು ಲಿಮೊನೀನ್ ಇದ್ದು, ಅದು ಗಾಳಿಯೊಂದಿಗೆ ಬೆರೆತು ಹಳತಾದಂತೆ ಹೊಸ ತೈಲದಲ್ಲಿಲ್ಲದ, ಅಲರ್ಜಿ ಹುಟ್ಟಿಸುವ ವಸ್ತುಗಳು ಅದರಲ್ಲಿ ಉಂಟಾಗುತ್ತವೆ. ಲ್ಯಾವೆಂಡರ್ ತೈಲದಲ್ಲಿರುವ ಲಿನಲೂಲ್ ಎಂಬ ರಾಸಾಯನಿಕಕ್ಕೂ, ಟೀ ಟ್ರೀ ಎಂಬ (ಚಹಾ ಗಿಡವಲ್ಲದ) ಆಸ್ಟ್ರೇಲಿಯದ ಮರದ ತೈಲಕ್ಕೂ ಇದೇ ಸ್ವಭಾವ. ಅರ್ಧ ಖಾಲಿಯಾದ ಸೀಸೆಯಲ್ಲಿ ಗಾಳಿ ಹೆಚ್ಚು. ಆದ್ದರಿಂದ ದೊಡ್ಡ ಸೀಸೆಯನ್ನು ಅಗ್ಗವೆಂದು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವುದಕ್ಕಿಂತ ಸಣ್ಣ ಕಂದು ಸೀಸೆಯನ್ನು ಕೊಂಡು, ತೆರೆದ ದಿನಾಂಕವನ್ನು ಅದರ ಮೇಲೆ ಬರೆದು, ವರ್ಷದೊಳಗೆ ಮುಗಿಸುವುದು ಲಾಭ. ಹಳತಾದದ್ದನ್ನು ನೆಲ ಒರೆಸುವ ನೀರಿಗೂ ಬಳಸಬಾರದು, ಏಕೆಂದರೆ ಒರೆಸುವ ಕೈಯೂ ಚರ್ಮವೇ.

ಪ್ರವಾಸಿಗರು ಕೊಳ್ಳುವ ಸಣ್ಣ ಸೀಸೆಗಳಲ್ಲಿ ನೀಲಗಿರಿ ಎಣ್ಣೆಗೆ ಮೊದಲ ಸ್ಥಾನವಿದ್ದಂತಿದೆ. ಮಳೆಗಾಲದಲ್ಲಿ ಜಿಗಣೆಗೆ ಹೆದರಿ ಅದನ್ನು ಹಾಗೆಯೇ ಕಾಲಿಗೆ ಬಳಿದುಕೊಳ್ಳುವವರುಂಟು. ಬೇಕಿದ್ದರೆ ಕೊಬ್ಬರಿ ಎಣ್ಣೆಯಲ್ಲಿ ಶೇ. 2ರಷ್ಟು ಬೆರೆಸಿಕೊಳ್ಳಬಹುದು. ಆದರೆ ಮಗು ಇರುವ ಮನೆಯಲ್ಲಿ ಈ ಸೀಸೆಯ ಜಾಗ ಬೀಗ ಹಾಕಿದ ಕಪಾಟು. ಒಂದು ಟೀ ಚಮಚದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ ನೀಲಗಿರಿ ಎಣ್ಣೆ ಕುಡಿದ ಮಕ್ಕಳು ಗಂಭೀರ ಸ್ಥಿತಿಗೆ ಹೋಗಿದ್ದಾರೆ, ಮತ್ತು ಕರ್ಪೂರ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ನೆಗಡಿಯಾದ ಹಸುಗೂಸಿನ ಮೂಗಿನ ಹತ್ತಿರ ಇವೆರಡನ್ನೂ, ಮೆಂಥಾಲ್ ಇರುವ ಯಾವುದನ್ನೂ ಹಚ್ಚಬಾರದು. ಮನೆಯಲ್ಲಿ ಬೆಕ್ಕಿದ್ದರೆ ಟೀ ಟ್ರೀ ತೈಲವನ್ನು ಅದಕ್ಕೆ ಹಚ್ಚುವ ಯೋಚನೆಯನ್ನೇ ಮಾಡಬಾರದು.

ತಯಾರಿಸಿದ ಸುಗಂಧ ಮಿಶ್ರಣಗಳು

ಹಲವು ರಾಸಾಯನಿಕಗಳನ್ನು, ಕೆಲವೊಮ್ಮೆ ಸಾರಭೂತ ತೈಲಗಳನ್ನೂ ಸೇರಿಸಿ ತಯಾರಿಸುವ ಫ್ರಾಗ್ರೆನ್ಸ್ ಆಯಿಲುಗಳನ್ನು "ಕೆಮಿಕಲ್" ಎಂದು ದೂರವಿಡುವುದು ರೂಢಿ. ಈ ಪೂರ್ವಗ್ರಹವನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ತಯಾರಕರ ಮಿಶ್ರಣದ ಜೊತೆಗೆ ಇಫ್ರಾ ಪ್ರಮಾಣಪತ್ರ, ಸುರಕ್ಷತಾ ದತ್ತಾಂಶ ಪತ್ರ ಮತ್ತು ಅಲರ್ಜಿಕಾರಕಗಳ ಪಟ್ಟಿ ಬರುತ್ತದೆ. ಯಾವ ವರ್ಗದ ಉತ್ಪನ್ನದಲ್ಲಿ ಶೇಕಡಾ ಎಷ್ಟು ಎಂಬುದನ್ನು ಅದರಲ್ಲೇ ಓದಿಕೊಳ್ಳಬಹುದು. ರಸ್ತೆ ಬದಿಯಲ್ಲಿ ಕೊಂಡ, ಬ್ಯಾಚ್ ಸಂಖ್ಯೆಯಿಲ್ಲದ "ಶುದ್ಧ" ಲೆಮನ್‌ಗ್ರಾಸ್ ಸೀಸೆಗಿಂತ ಕಾಗದವಿರುವ ಮಿಶ್ರಣವೇ ಹೆಚ್ಚು ಭರವಸೆಯದು. ಸುಗಂಧ ತಯಾರಕರ ನಿಯಮಗಳೂ ಕಾಲಕ್ಕೆ ತಕ್ಕಂತೆ ಬಿಗಿಯಾಗುತ್ತಿರುತ್ತವೆ: ಒಂದು ಕಾಲದಲ್ಲಿ ಹೂವಿನ ಪರಿಮಳಗಳಲ್ಲೆಲ್ಲ ಇದ್ದ ಲಿಲಿಯಾಲ್ ಎಂಬ ವಸ್ತುವನ್ನು ಯುರೋಪಿನ ಒಕ್ಕೂಟ 2022ರ ಮಾರ್ಚಿನಿಂದ ಸೌಂದರ್ಯ ಸಾಧನಗಳಲ್ಲಿ ನಿಷೇಧಿಸಿತು, ಇಫ್ರಾದ ನಿಯಮಗಳಿಗೆ 51ನೆಯ ತಿದ್ದುಪಡಿ 2023ರಲ್ಲಿ ಬಂದಿತು. ಆದ್ದರಿಂದ ಪ್ರಮಾಣಪತ್ರ ಯಾವ ತಿದ್ದುಪಡಿಯ ಪ್ರಕಾರ ಕೊಟ್ಟದ್ದು ಎಂಬುದನ್ನು ನೋಡಬೇಕು. ಹಳೆಯ ಕಾಗದವನ್ನೇ ತೋರಿಸಿದರೆ ಹೊಸದನ್ನು ಕೇಳಬೇಕು.

ಕಾಫಿ ಹೂವಿನ ಪರಿಮಳ ಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗಿದೆ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ದಿನಗಳ ಆ ಮಲ್ಲಿಗೆಯಂಥ ವಾಸನೆಯನ್ನು ಸೋಪಿಗೆ ತರಲು ಮನೆಯಲ್ಲಿ ಸಾಧ್ಯವಾಗುವ ಮಾರ್ಗ ಇಂಥ ಮಿಶ್ರಣ ಮಾತ್ರ. ಅಗ್ಗದ ಬೆಲೆಗೆ "ಕಾಫಿ ಹೂವಿನ ನೈಸರ್ಗಿಕ ತೈಲ" ಎಂದು ಯಾರಾದರೂ ಕೊಟ್ಟರೆ, ಅಥವಾ ನೂರಿನ್ನೂರು ರೂಪಾಯಿಗೆ "ಅಪ್ಪಟ ಶ್ರೀಗಂಧದ ಎಣ್ಣೆ" ಎಂದರೆ, ಆ ಮಾತನ್ನು ನಂಬುವುದಕ್ಕೆ ಮೊದಲು ಬೆಲೆಯನ್ನೊಮ್ಮೆ ನೋಡಿದರೆ ಸಾಕು.

ಈ ಮಿಶ್ರಣಗಳ ತೊಡಕುಗಳು ಬೇರೆ ರೀತಿಯವು. ವೆನಿಲ್ಲಾ ವಾಸನೆ ಕೊಡುವ ವೆನಿಲಿನ್ ಇರುವ ಮಿಶ್ರಣ ಸೋಪನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ. ಕೆಲವು ಹೂವಿನ ಪರಿಮಳಗಳು, ಲವಂಗದ ತೈಲದಂತೆಯೇ, ಸೋಪಿನ ಹಿಟ್ಟನ್ನು ಕ್ಷಣದಲ್ಲಿ ಗಟ್ಟಿಮಾಡಿ ಅಚ್ಚಿಗೆ ಸುರಿಯಲು ಬಿಡುವುದಿಲ್ಲ. ಆಗ ಗಡಿಬಿಡಿಯಲ್ಲಿ ಕಾಸ್ಟಿಕ್ ಇನ್ನೂ ಉಳಿದಿರುವ ಹಿಟ್ಟು ಕೈಗೆ ಸಿಡಿಯುವ ಸಂಭವವಿರುವುದರಿಂದ, ಹೊಸ ಪರಿಮಳವನ್ನು ಮೊದಲು ಸಣ್ಣ ಪ್ರಮಾಣದ ಹಿಟ್ಟಿನಲ್ಲಿ ನೋಡಿಕೊಳ್ಳಬೇಕು.

ಇಲ್ಲಿಯೇ ಹೇಳಬೇಕಾದ ಒಂದು ಮಾತಿದೆ. ಊದುಬತ್ತಿ, ಮೇಣದಬತ್ತಿ, ಡಿಫ್ಯೂಸರ್‌ಗಳಿಗೆಂದು ಮಾರುವ ಸುಗಂಧಗಳು ಮೈಗೆ ಹಚ್ಚುವ ವಸ್ತುಗಳಲ್ಲ. ಚರ್ಮಕ್ಕೆ ತಾಗದ ವರ್ಗದಲ್ಲಿ ಶೇ. 100ರವರೆಗೂ ಅನುಮತಿ ಇರಬಹುದಾದ ಕಾರಣ, ಪ್ರಮಾಣಪತ್ರದಲ್ಲಿ ಆ ಒಂದು ಸಾಲನ್ನು ಮಾತ್ರ ತೋರಿಸಿ "ಎಷ್ಟು ಬೇಕಾದರೂ ಹಾಕಿ" ಎನ್ನುವವರಿದ್ದಾರೆ. ಕೇಕಿಗೆ ಹಾಕುವ ಎಸೆನ್ಸುಗಳೂ ಇದಕ್ಕೆ ಹೊರತಲ್ಲ. ತಿನ್ನಲು ಯೋಗ್ಯವಾದದ್ದೆಲ್ಲ ಹಚ್ಚಲು ಯೋಗ್ಯವಲ್ಲ ಎಂಬುದಕ್ಕೆ ದಾಲ್ಚಿನ್ನಿಗಿಂತ ಬೇರೆ ಸಾಕ್ಷಿ ಬೇಡ.

ಕಾಯಿಸಿದ ಎಣ್ಣೆ ಮತ್ತು ಪನ್ನೀರು

ಕಿತ್ತಳೆ ಸಿಪ್ಪೆ, ಲಾವಂಚದ ಬೇರು, ಏಲಕ್ಕಿ ಸಿಪ್ಪೆಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಸಣ್ಣ ಶಾಖದಲ್ಲಿ ಇಡುವ ಪದ್ಧತಿ ಇಲ್ಲಿ ಹೋಲಿಸುತ್ತಿರುವ ಆಯ್ಕೆಗಳಲ್ಲಿ ಹೆಚ್ಚು ಹಳೆಯದು, ಅಗ್ಗದ್ದು, ಮತ್ತು ಪರಿಮಳದ ವಸ್ತು ಬಹಳ ಕಡಿಮೆ ಇಳಿಯುವುದರಿಂದ ಸಾಮಾನ್ಯವಾಗಿ ಸೌಮ್ಯವಾದದ್ದು. ಪರಿಮಳವೂ ಅಷ್ಟೇ ಮಂದ. ಸೋಪಿಗೆ ಹಾಕಿದರೆ ಬಹುಮಟ್ಟಿಗೆ ಮಾಯವಾಗುತ್ತದೆ. ತಲೆಗೆ ಹಚ್ಚುವ ಎಣ್ಣೆಗೆ ಇದು ಸಾಕು. ಆದರೆ ಹಾಕುವ ವಸ್ತು ಗರಿಗರಿಯಾಗಿ ಒಣಗಿರಬೇಕು. ಸಿಪ್ಪೆಯಲ್ಲಿ ತೇವ ಉಳಿದರೆ ಎಣ್ಣೆಯ ತಳದಲ್ಲಿ ನೀರು ನಿಂತು ಬೂಷ್ಟು ಹಿಡಿಯುತ್ತದೆ, ಮತ್ತು ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮಡಿಕೇರಿ, ಭಾಗಮಂಡಲದ ಕಡೆಯಲ್ಲಿ ಸಿಪ್ಪೆ ಒಣಗುವುದು ದೂರದ ಮಾತು. ಬಿಸಿಲು ನಿಂತ ತಿಂಗಳುಗಳಲ್ಲೇ ಒಣಗಿಸಿ ಗಾಳಿಯಾಡದ ಡಬ್ಬದಲ್ಲಿಟ್ಟುಕೊಂಡವರು ಮಾತ್ರ ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿಯಬಹುದು.

ಬಟ್ಟಿ ಇಳಿಸಿದಾಗ ಸಿಗುವ ಸುಗಂಧದ ನೀರಿಗೆ, ಅಂದರೆ ಪನ್ನೀರಿನ ಜಾತಿಯವುಗಳಿಗೆ, ನನ್ನ ಮತ ಬೀಳುವುದಿಲ್ಲ. ನೀರಿರುವ ಯಾವ ಉತ್ಪನ್ನದಲ್ಲೂ ಸಂರಕ್ಷಕ ಹಾಕದಿದ್ದರೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಸಾರಭೂತ ತೈಲ ಆ ಸಂರಕ್ಷಕದ ಕೆಲಸವನ್ನು ಮಾಡುವುದಿಲ್ಲ, ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನ ಬಾಳುತ್ತದೆ ಎಂದರೆ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದಾಗ ನಮ್ಮ ಫ್ರಿಜ್ಜೂ ಒಂದು ಕಪಾಟಷ್ಟೇ.

ಪರಿಮಳವೇ ಇಲ್ಲದ ಆಯ್ಕೆ

ಮೂರು ತಿಂಗಳೊಳಗಿನ ಶಿಶುವಿಗೆ, ಕಜ್ಜಿ ಅಥವಾ ಎಕ್ಸಿಮಾ ಇರುವ ಚರ್ಮಕ್ಕೆ, ಹಿಂದೊಮ್ಮೆ ಸುಗಂಧದಿಂದ ಅಲರ್ಜಿಯಾದವರಿಗೆ, ತುಟಿಯ ಬಾಮಿಗೆ ನಾನು ಸೂಚಿಸುವುದು ಇದೊಂದನ್ನೇ. ಕೊಡಗಿನ ಜೇನುಮೇಣದ ಬಾಮಿಗೆ ಅದರದೇ ಪರಿಮಳವಿದೆ. ದಮ್ಮು ಇರುವವರ ಮನೆಯಲ್ಲೂ ಬಾಣಂತಿಯಿರುವ ಕೋಣೆಯಲ್ಲೂ ಹೀಗೆಯೇ ನಡೆದುಕೊಳ್ಳುವುದು ಒಳ್ಳೆಯದು.

ತೂಕ, ಬೆಂಕಿ, ಪಾತ್ರೆ

ಹನಿ ಎಣಿಸುವ ಪದ್ಧತಿಯನ್ನು ಬಿಡಬೇಕು. ಸೀಸೆಯ ಬಾಯಿಗೂ ತೈಲದ ದಪ್ಪಕ್ಕೂ ತಕ್ಕಂತೆ ಹನಿಯ ಗಾತ್ರ ಬದಲಾಗುತ್ತದೆ. ಮಿಲಿಲೀಟರೂ ನಂಬಲರ್ಹವಲ್ಲ, ಏಕೆಂದರೆ ಕಿತ್ತಳೆ ತೈಲ ನೀರಿಗಿಂತ ಹಗುರ, ಲವಂಗದ ತೈಲ ನೀರಿಗಿಂತ ಭಾರ. 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಒಟ್ಟು ತೂಕದ ಶೇಕಡಾವಾರು ಲೆಕ್ಕಹಾಕಬೇಕು. 200 ಗ್ರಾಂ ಮೈಯೆಣ್ಣೆಗೆ ಶೇ. 1 ಎಂದರೆ 2 ಗ್ರಾಂ, ಮುಖಕ್ಕಾದರೆ ಶೇ. 0.5ರ ಪ್ರಕಾರ 1 ಗ್ರಾಂ. ಸೋಪಿನಲ್ಲಿ ಎಣ್ಣೆಗಳ ತೂಕಕ್ಕೆ ಶೇ. 3 ಮೀರದಿರುವುದು ವಾಡಿಕೆ, ಅಂದರೆ 1 ಕಿಲೋ ಎಣ್ಣೆಗೆ 30 ಗ್ರಾಂ. ಯಾವುದೇ ತೈಲದ ಸ್ವಂತ ಮಿತಿ ಇದಕ್ಕಿಂತ ಕಡಿಮೆಯಿದ್ದರೆ ಆ ಮಿತಿಯೇ ಅಂತಿಮ.

ಕಿತ್ತಳೆ ಮತ್ತು ನೀಲಗಿರಿ ತೈಲಗಳ ಆವಿ ಸುಮಾರು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಿಡಿಗೆ ಹೊತ್ತಿಕೊಳ್ಳುವಂಥದು. ಮೇಣ ಕರಗಿಸಿದ ಪಾತ್ರೆಯನ್ನು ಒಲೆಯಿಂದ ಇಳಿಸಿ, ಗ್ಯಾಸನ್ನು ಆರಿಸಿ, ಸ್ವಲ್ಪ ಆರಿದ ಮೇಲೆಯೇ ಪರಿಮಳ ಬೆರೆಸಬೇಕು. ಸೌದೆ ಒಲೆ ಉರಿಯುವ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ. ಮಳೆಗಾಲದಲ್ಲಿ ಕಿಟಕಿಗಳೆಲ್ಲ ಮುಚ್ಚಿರುವುದರಿಂದ ಆವಿ ಒಳಗೇ ನಿಂತು ತಲೆನೋವು ತರುತ್ತದೆ. ಜಗಲಿಯಲ್ಲಿ ಕುಳಿತು ಮಾಡುವುದು ಒಳ್ಳೆಯದು. ಗಾಜು ಅಥವಾ ಸ್ಟೀಲ್ ಪಾತ್ರೆಯನ್ನೇ ಬಳಸಬೇಕು. ಥರ್ಮೊಕೋಲ್ ಲೋಟವನ್ನು ಕಿತ್ತಳೆ ತೈಲ ಕರಗಿಸಿಬಿಡುತ್ತದೆ. ಕೈಗವಸು ನೈಟ್ರೈಲ್‌ನದಾಗಿರಲಿ.

ಶುದ್ಧ ತೈಲ ಚರ್ಮಕ್ಕೆ ಚೆಲ್ಲಿದರೆ ಸೋಪು ಹಚ್ಚಿ ತೊಳೆಯಬೇಕು, ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು. ಮಗು ಕುಡಿದಿದ್ದರೆ ವಾಂತಿ ಮಾಡಿಸಬಾರದು, ಏಕೆಂದರೆ ವಾಂತಿಯಾಗುವಾಗ ತೈಲ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಸೀಸೆಯನ್ನು ಜೊತೆಗೇ ತೆಗೆದುಕೊಂಡು ಆಸ್ಪತ್ರೆಗೆ ಧಾವಿಸಬೇಕು. ಒಳಗಿನ ಊರುಗಳಿಂದ ವಿರಾಜಪೇಟೆಗೋ ಮಡಿಕೇರಿಗೋ ತಲುಪಲು ಹಿಡಿಯುವ ಹೊತ್ತನ್ನು ನೆನೆದರೆ, ಕಪಾಟಿಗೆ ಬೀಗ ಹಾಕುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಕೊಡುವ ಮೊದಲು, ಮಾರುವ ಮೊದಲು

ತಯಾರಾದ ವಸ್ತುವನ್ನು, ಶುದ್ಧ ತೈಲವನ್ನಲ್ಲ, ಮುಂಗೈಯ ಒಳಭಾಗದಲ್ಲಿ ಹಚ್ಚಿ ಕನಿಷ್ಠ 48 ಗಂಟೆ ಕಾಯಬೇಕು. ಸೋಪಾದರೆ ಅಲ್ಲಿ ಹಚ್ಚಿ ತೊಳೆದು ನೋಡಬೇಕು. ಅಲರ್ಜಿಯ ತುರಿಕೆ ತಡವಾಗಿ, ಒಂದರಿಂದ ಮೂರು ದಿನಗಳೊಳಗೆ ಕಾಣಿಸಿಕೊಳ್ಳುವುದರಿಂದ ಮರುದಿನ ಏನೂ ಆಗಿಲ್ಲವೆಂದು ನಿರಾಳವಾಗಬಾರದು. ಹಚ್ಚಿ ಬಿಡುವ ಎಣ್ಣೆಯೋ ಬಾಮೋ ಆದರೆ ಅದೇ ಜಾಗಕ್ಕೆ ದಿನಕ್ಕೆ ಎರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡುವುದು ಇನ್ನೂ ಹೆಚ್ಚು ನಂಬಬಹುದಾದ ಕ್ರಮ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೂ ಒಗ್ಗುತ್ತದೆ ಎಂಬ ಖಾತರಿಯಿಲ್ಲ.

ಹೋಂಸ್ಟೇಯ ಸ್ನಾನದ ಕೋಣೆಯಲ್ಲಿ ಇಡುವ ಸೋಪಿಗೆ ಈ ಕಾರಣದಿಂದಲೇ ಬೇರೆ ಅಳತೆಗೋಲು ಬೇಕು. ಬರುವ ಅತಿಥಿಯ ಚರ್ಮದ ಚರಿತ್ರೆ ನಮಗೆ ತಿಳಿದಿರುವುದಿಲ್ಲ. ಅಲ್ಲಿ ಪರಿಮಳವನ್ನು ಗರಿಷ್ಠ ಮಿತಿಯ ಅರ್ಧಕ್ಕೆ ಇಳಿಸಿ, ಪಕ್ಕದಲ್ಲೇ ಪರಿಮಳವಿಲ್ಲದ ಇನ್ನೊಂದು ಸೋಪನ್ನೂ ಇಡುವುದು ಉತ್ತಮ. ಮಾರಾಟಕ್ಕೆ ತಯಾರಿಸುವುದಾದರೆ 1940ರ ಔಷಧ ಮತ್ತು ಸೌಂದರ್ಯ ಸಾಧನಗಳ ಕಾಯ್ದೆ ಹಾಗೂ 2020ರ ಸೌಂದರ್ಯ ಸಾಧನಗಳ ನಿಯಮಗಳ ಪ್ರಕಾರ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಪರವಾನಗಿ ಪಡೆಯಬೇಕು; ಸಂಘದ ಮಳಿಗೆಯಲ್ಲಿಟ್ಟು ಮಾರುವವರು ಈ ವಿಚಾರವನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಉಡುಗೊರೆಯಾಗಿ ಕೊಡುವಾಗಲೂ ಚೀಟಿಯ ಮೇಲೆ ಬರಿದೇ "ಸುಗಂಧ" ಎಂದು ಬರೆಯದೆ, ಹಾಕಿದ ತೈಲದ ಹೆಸರು, ಅದು ತೊಗಟೆಯದೋ ಎಲೆಯದೋ ಸಿಪ್ಪೆಯದೋ, ಶೇಕಡಾ ಎಷ್ಟು, ತಯಾರಿಸಿದ ದಿನಾಂಕ ಯಾವುದು ಎಂಬುದನ್ನು ಬರೆದು ಅಂಟಿಸಿದರೆ, ತುರಿಕೆಯೆದ್ದವರು ಆ ಚೀಟಿಯನ್ನು ಚರ್ಮದ ವೈದ್ಯರಿಗೆ ತೋರಿಸಬಹುದು.